ನೀರು ನೋಡಿ, ದೋಣಿಯನ್ನಲ್ಲ



ನಾನು ಹುಟ್ಟಿ ಬೆಳೆದದ್ದು ಕಲ್ಯಾಣದುರ್ಗದ ಕಡೆಯ ಒಂದು ಹಳ್ಳಿಯಲ್ಲಿ. ಕೆಲಸ ಹಿಡಿದು ನೆಲೆ ನಿಂತದ್ದು ಹಿಂದೂಪುರದಲ್ಲಿ. 2022ರಲ್ಲಿ ಜಿಲ್ಲೆ ಒಡೆದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಮಳೆಯ ಲೆಕ್ಕದಲ್ಲಿ ಮಾತ್ರ ಎರಡೂ ಇನ್ನೂ ಒಂದೇ ಮನೆಯವು. ವರ್ಷಕ್ಕೆ ಸುಮಾರು 550 ಮಿಲಿಮೀಟರ್, ಅದೂ ಬಂದರೆ. ಹದಕ್ಕೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಬೆಂಗಳೂರಿನ ಕೂಲಿ. ನಮ್ಮ ಪೆನ್ನೆ, ಅಂದರೆ ಉತ್ತರ ಪಿನಾಕಿನಿ, ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ, ಗೌರಿಬಿದನೂರು ದಾಟಿ ಹಿಂದೂಪುರದ ಮಗ್ಗುಲಿಗೆ ಬರುತ್ತದೆ. ಒಟ್ಟು 597 ಕಿಲೋಮೀಟರ್ ಹರಿದು ನೆಲ್ಲೂರಿನ ಆಚೆ ಬಂಗಾಳ ಕೊಲ್ಲಿ ಸೇರುತ್ತದೆ ಎಂದು ನಾವು ಪಾಠದಲ್ಲಿ ಓದಿದೆವು. ಕಣ್ಣಿಗೆ ಕಂಡ ಪೆನ್ನೆ ಮಾತ್ರ ವರ್ಷದ ಬಹುಪಾಲು ಮರಳು, ಜಾಲಿ, ನಡುವೆ ಎತ್ತಿನಗಾಡಿಯ ಜಾಡು.

ಇಂಥ ಸೀಮೆಯವನು ಇವತ್ತು ಕಡಲಿನಲ್ಲಿ ದೋಣಿ ನಡೆಸಿದ ಸಂಗತಿ ಹೇಳಲು ಕೂತಿದ್ದೇನೆ. ಅದಕ್ಕೊಂದು ಹಿಂದಿನ ಕತೆಯಿದೆ.

ನನಗೆ ಹತ್ತು ವರ್ಷವಿದ್ದಾಗ ನಮ್ಮೂರ ಕೆರೆ ಕೋಡಿ ಬಿತ್ತು. ಊರಿಗೆ ಊರೇ ಏರಿಯ ಮೇಲೆ ನಿಂತಿತು. ಹೆಂಗಸರು ಅರಿಶಿನ ಕುಂಕುಮ ಹಾಕಿ ಬಾಗಿನ ಬಿಟ್ಟರು. ನಮಗೆ ಹುಡುಗರಿಗೆ ಅಷ್ಟು ನೀರನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಮೂರನೆಯ ದಿನ ನಮ್ಮ ಓಣಿಯ ಹುಡುಗನೊಬ್ಬ ಅದರಲ್ಲಿ ಮುಳುಗಿದ. ಮಣ್ಣು ತೆಗೆದ ಗುಂಡಿ ನೀರಿನಡಿ ಮುಚ್ಚಿಹೋಗಿತ್ತು. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವನು ಒಂದು ಹೆಜ್ಜೆಗೆ ಇಲ್ಲವಾದ. ಏರಿಯ ಮೇಲೆ ಅಷ್ಟು ಜನ ಇದ್ದರು, ಈಜು ಬಲ್ಲವರು ಇಬ್ಬರೋ ಮೂವರೋ. ಅವರು ಓಡಿ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಆ ರಾತ್ರಿ ಅಮ್ಮ ನನ್ನ ಕೈ ಹಿಡಿದು ತನ್ನ ತಲೆಯ ಮೇಲಿಟ್ಟುಕೊಂಡು ಆಣೆ ತೆಗೆದುಕೊಂಡಳು, ಇನ್ನು ನೀರಿಗೆ ಇಳಿಯಬಾರದು ಎಂದು. ಅವಳು ಬದುಕಿರುವ ತನಕ ನಾನು ಆ ಆಣೆ ಮೀರಲಿಲ್ಲ.

ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗ ಹೋದ ಚಳಿಗಾಲದಲ್ಲಿ ಫೋನು ಮಾಡಿ, "ಮಾವ, ಗೋಕರ್ಣಕ್ಕೆ ಹೋಗೋಣ, ಕಯಾಕ್ ಹಾಕೋಣ" ಅಂದ. ಏನದು ಅಂದೆ. ಉದ್ದನೆಯ, ಸಪೂರದ ದೋಣಿ, ಒಬ್ಬನೋ ಇಬ್ಬರೋ ಕೂರಬಹುದು, ಎರಡು ತುದಿಗೂ ಅಲಗಿರುವ ಹುಟ್ಟು, ಜೊತೆಗೆ ದಾರಿ ತೋರಿಸಲು ಅಲ್ಲಿಯವನೊಬ್ಬ ಇರುತ್ತಾನೆ ಎಂದು ವಿವರಿಸಿದ. ಉಡುಪಿ ಜಿಲ್ಲೆಯ ಸಾಲಿಗ್ರಾಮದ ಹತ್ತಿರ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ನಡುವಿನ ಹಿನ್ನೀರಿನಲ್ಲೂ ಇದನ್ನು ನಡೆಸುತ್ತಾರಂತೆ, ಹೊನ್ನಾವರದ ಶರಾವತಿಯಲ್ಲೂ ಇದೆಯಂತೆ. ಅವನಿಗೆ ಬೇಕಾಗಿದ್ದದ್ದು ಬಂಡೆಗಳ ಕಡಲು. ನಾನು ಎರಡು ದಿನ ಉತ್ತರ ಕೊಡಲಿಲ್ಲ. ಅಮ್ಮ ಹೋಗಿ ಆರು ವರ್ಷವಾಗಿತ್ತು. ಮೂರನೆಯ ದಿನ, ಬರುತ್ತೇನೆ ಅಂದೆ.

ಪಂಚಗಂಗಾ ರೈಲು ಹಿಡಿದು ಬೆಳಗ್ಗೆ ಗೋಕರ್ಣ ರೋಡಿನಲ್ಲಿ ಇಳಿದಾಗ ಮೊದಲು ನನ್ನನ್ನು ತಟ್ಟಿದ್ದು ಗಾಳಿಯ ತೇವ. ಆ ಸೀಮೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ. ಹೊದ್ದ ಶಾಲು ಕೂಡ ಒದ್ದೆ ಒದ್ದೆ ಅನಿಸಿತು.

ಮಾರನೆಯ ದಿನ ನಸುಕಿಗೇ ಓಂ ಬೀಚಿನಲ್ಲಿದ್ದೆವು. ಕರಾವಳಿಯಲ್ಲಿ ಸೂರ್ಯ ಗುಡ್ಡದ ಹಿಂದಿನಿಂದ ಬರಬೇಕಾದ್ದರಿಂದ ಮರಳಿಗೆ ಬಿಸಿಲು ತಡವಾಗಿ ಇಳಿಯುತ್ತದೆ. ನಮ್ಮ ಜೊತೆಗೆ ಬರುವವನು ತದಡಿ ಕಡೆಯ ಮೀನುಗಾರರ ಮನೆಯ ಹುಡುಗ, ಮೂವತ್ತರ ಆಸುಪಾಸು. ಅವನು ಬಂದವನೇ ನಮ್ಮನ್ನು ದೋಣಿಗೆ ಹತ್ತಿಸಲಿಲ್ಲ. ಮರಳಿನ ಮೇಲೆ ಕೂರಿಸಿ, ಅರ್ಧ ಗಂಟೆ ಸುಮ್ಮನೆ ಸಮುದ್ರ ನೋಡಿ ಅಂದ.

ನನಗೆ ಕಂಡದ್ದು ಅಲೆ, ಅದರ ಹಿಂದೆ ಅಲೆ. ಆಮೇಲೆ ಅವನು ಒಂದೊಂದಾಗಿ ತೋರಿಸಿದ. ಅಲೆಗಳು ಗುಂಪಾಗಿ ಬರುತ್ತವೆ. ದೊಡ್ಡವು ನಾಲ್ಕೈದು ಬಂದ ಮೇಲೆ ಒಂದು ಸಣ್ಣ ಬಿಡುವು. ದೋಣಿ ಇಳಿಸುವುದು ಆ ಬಿಡುವಿನಲ್ಲಿ. ನೀರಿನ ಮೇಲೆ ಕಪ್ಪು ಸುಕ್ಕು ಹರಿದು ಬರುತ್ತಿದ್ದರೆ ಅದು ಗಾಳಿ. ಸುತ್ತ ಎಲ್ಲ ಅಲುಗುತ್ತಿದ್ದು ಒಂದು ಕಡೆ ಮಾತ್ರ ನೀರು ಗುಮ್ಮನೆ ಉಬ್ಬಿ ನುಣ್ಣಗೆ ಹರಡುತ್ತಿದ್ದರೆ ಅದರಡಿ ಬಂಡೆ. ಆಮೇಲೆ ದಂಡೆಯ ಒಂದು ಭಾಗ ತೋರಿಸಿ, "ಅಲ್ಲಿ ಈಜ್ತೀರಾ ಸಾರ್?" ಅಂತ ಕೇಳಿದ. ಎರಡೂ ಮಗ್ಗುಲಲ್ಲಿ ಅಲೆ ಒಡೆದು ನೊರೆ ಏಳುತ್ತಿತ್ತು, ನಡುವೆ ಹತ್ತು ಮಾರು ಜಾಗ ಮಾತ್ರ ತಣ್ಣಗಿತ್ತು. ಇಳಿಯುವುದಾದರೆ ಅಲ್ಲೇ ಅಂದೆ. ಅವನು ತಲೆಯಾಡಿಸಿದ. ದಂಡೆಗೆ ನುಗ್ಗಿದ ನೀರೆಲ್ಲ ವಾಪಸು ಕಡಲಿಗೆ ಹೋಗುವ ಕಾಲುವೆ ಅದೇ. ಅಲೆ ಒಡೆಯದಿರುವುದು ಅಲ್ಲಿ ಆಳ ಇರುವುದರಿಂದ, ನೀರು ಹೊರಕ್ಕೆ ಓಡುತ್ತಿರುವುದರಿಂದ. ಬಯಲುಸೀಮೆಯಿಂದ ಬಂದವರು ಶಾಂತವಾಗಿ ಕಾಣುವ ಆ ಜಾಗವನ್ನೇ ಹುಡುಕಿಕೊಂಡು ಇಳಿಯುತ್ತಾರೆ, ಎಳೆದೊಯ್ದಾಗ ಹೆದರಿ ನೇರ ದಡಕ್ಕೆ ಈಜಲು ನೋಡಿ ದಣಿದು ಮುಳುಗುತ್ತಾರೆ. ಸಿಕ್ಕಿಕೊಂಡರೆ ದಡಕ್ಕೆ ಸಮನಾಗಿ ಅಡ್ಡಕ್ಕೆ ಈಜಬೇಕು. ಕಾಲುವೆ ಅಗಲವಿರುವುದಿಲ್ಲ, ಸ್ವಲ್ಪ ದೂರಕ್ಕೆ ಹಿಡಿತ ಬಿಡುತ್ತದೆ, ಆಮೇಲೆ ಅಲೆಯೇ ದಡಕ್ಕೆ ತರುತ್ತದೆ. ಈ ಮಾತನ್ನು ದಯವಿಟ್ಟು ನಿಮ್ಮ ಮನೆಯ ಮಕ್ಕಳಿಗೆ ಹೇಳಿ. ರಜೆಗೆ ಕರಾವಳಿಗೆ ಹೋಗುವ ನಮ್ಮ ಕಡೆಯ ಹುಡುಗರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಅವನೇ ಬಿಗಿದ. ಭುಜದ ಹತ್ತಿರ ಹಿಡಿದು ಮೇಲಕ್ಕೆ ಜಗ್ಗಿ ನೋಡಿದ. ಕಿವಿಯ ತನಕ ಏರಿದರೆ ಸಡಿಲ ಎಂದರ್ಥ, ಇನ್ನೊಂದು ಸುತ್ತು ಬಿಗಿದ. ದೋಣಿ ಮಗುಚಿದರೆ ಮತ್ತೆ ಹತ್ತುವುದನ್ನು ಸೊಂಟದುದ್ದ ನೀರಿನಲ್ಲಿ ಮೂರು ಸಲ ಮಾಡಿಸಿದ. ಮಗ್ಗುಲಿನಿಂದ ಬೋರಲಾಗಿ ದೋಣಿಯ ಮೇಲೆ ಬೀಳು, ಕಾಲು ಬಡಿ, ಹೊಟ್ಟೆ ದೋಣಿಯ ನಡುವಿಗೆ ಬಂದ ಮೇಲೆ ತಿರುಗಿ ಕೂರು. ಈಜು ಬಾರದು ಎಂದೆ. "ಜಾಕೆಟ್ ತೇಲಿಸ್ತದೆ ಸಾರ್. ನೀವು ಹುಟ್ಟು ಬಿಡಬೇಡಿ, ದೋಣಿ ಬಿಡಬೇಡಿ" ಅಂದ.

ಏಳೂವರೆಗೆ ಹೊರಟೆವು, ತೆಂಕಣ ದಿಕ್ಕಿಗೆ. ಎಡಕ್ಕೆ ಗುಡ್ಡ, ಬಲಕ್ಕೆ ಅರಬ್ಬಿ ಸಮುದ್ರ. ಮೊದಲ ಹತ್ತು ನಿಮಿಷ ನಾನು ದೋಣಿಯ ಮೂತಿಯನ್ನೇ ನೋಡುತ್ತಿದ್ದೆ. ಅದು ಎಡಕ್ಕೆ ಹೋದರೆ ಹೆದರಿ ಬಲಕ್ಕೆ, ಬಲಕ್ಕೆ ಹೋದರೆ ಎಡಕ್ಕೆ. ತೋಳು ಆಗಲೇ ನೋಯತೊಡಗಿತು. ಅವನು ಪಕ್ಕಕ್ಕೆ ಬಂದು ಹೇಳಿದ: "ನೀರ್ ನೋಡಿ ಸಾರ್, ದೋಣಿ ನೋಡ್ಬೇಡಿ. ದೋಣಿ ನಿಮ್ಮನ್ನ ಬಿಟ್ಟು ಎಲ್ಲೂ ಹೋಗೂದಿಲ್ಲ." ತೋಳಿನಿಂದ ಎಳೆಯಬಾರದು, ಸೊಂಟದಿಂದ ಮೇಲಿನ ಮೈಯನ್ನೇ ತಿರುಗಿಸಬೇಕು ಎಂದೂ ತೋರಿಸಿದ. ದೂರದ ಒಂದು ಬಂಡೆಯ ಮೇಲೆ ಕಣ್ಣಿಟ್ಟೆ. ದೋಣಿ ತಾನಾಗಿ ನೇರವಾಯಿತು.

ದಡದಲ್ಲಿ ನಿಂತು ಕಂಡ ಸಮುದ್ರ ಬೇರೆ, ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಕೂತಾಗ ಕಾಣುವುದು ಬೇರೆ. ಅಲೆ ಅಲ್ಲಿ ಒಡೆಯುವುದಿಲ್ಲ, ಉಸಿರಾಡುತ್ತದೆ. ಮಲಗಿರುವ ದೊಡ್ಡ ಎತ್ತಿನ ಹೊಟ್ಟೆಯ ಮೇಲೆ ಕೂತ ಹಾಗೆ ನಿಧಾನವಾಗಿ ಏರಿ ಇಳಿಯುತ್ತೇವೆ. ಇಳಿದಾಗ ಗುಡ್ಡ ಮರೆಯಾಗಿ ನೀರು ಮಾತ್ರ ಉಳಿಯುತ್ತದೆ, ಏರಿದಾಗ ದೂರದ ಮೀನುದೋಣಿಗಳೂ ಕಾಣುತ್ತವೆ. ಈ ಏರಿಳಿತವನ್ನು ಮೈ ಒಪ್ಪಿಕೊಳ್ಳಲು ನನಗೆ ಅರ್ಧ ಗಂಟೆ ಬೇಕಾಯಿತು. ಒಪ್ಪಿಕೊಂಡ ಮೇಲೆ ನಲವತ್ತು ವರ್ಷದಿಂದ ಎದೆಯಲ್ಲಿದ್ದ ಒಂದು ಗಂಟು ಸಡಿಲವಾದದ್ದು ನನಗೆ ಗೊತ್ತಾಯಿತು.

ಓಂ ಬೀಚು ದಾಟಿದರೆ ಹಾಫ್ ಮೂನ್, ಅದರಾಚೆ ಪ್ಯಾರಡೈಸ್. ನಡುವೆಲ್ಲ ಗುಡ್ಡ ಕಡಿದು ನೇರ ನೀರಿಗೆ ಬಿದ್ದ ಬಂಡೆಗಳು. ನೆತ್ತಿಯಲ್ಲಿ ಕೆಂಪು ಚಿರೆಕಲ್ಲು, ಬುಡದಲ್ಲಿ ಕಪ್ಪು ಗಟ್ಟಿಕಲ್ಲು. ಕಲ್ಲಿನ ಸೀಮೆಯವರಾದ ನಮಗೆ ಕಲ್ಲು ಹೊಸದಲ್ಲ. ಲೇಪಾಕ್ಷಿಯ ದೇವಸ್ಥಾನವೇ ಆಮೆಯ ಬೆನ್ನಿನಂಥ ಬಂಡೆಯ ಮೇಲಿದೆ, ಕೂರ್ಮಶೈಲ ಎನ್ನುತ್ತೇವೆ. ಆದರೆ ನಮ್ಮ ಬಂಡೆಯನ್ನು ಸವೆಸುವುದು ಬಿಸಿಲು. ಹಗಲು ಕಾದು ರಾತ್ರಿ ತಣ್ಣಗಾಗಿ ಈರುಳ್ಳಿ ಸಿಪ್ಪೆಯಂತೆ ಪದರು ಪದರಾಗಿ ಏಳುತ್ತದೆ, ಉಳಿದದ್ದು ದುಂಡಗಾಗುತ್ತದೆ. ಅಲ್ಲಿ ಹಾಗಲ್ಲ. ಲಕ್ಷಾಂತರ ವರ್ಷದ ಮಳೆ ಕಲ್ಲಿನೊಳಗೆ ಇಳಿದು ಕರಗುವುದನ್ನೆಲ್ಲ ತೊಳೆದು, ಕಬ್ಬಿಣದ ಕೆಂಪನ್ನು ಮಾತ್ರ ಬಿಟ್ಟುಹೋಗಿದೆ. ಅದೇ ಚಿರೆಕಲ್ಲು. ಅಡಿಯಿಂದ ಅಲೆ ಬುಡವನ್ನು ಕೊರೆಯುತ್ತದೆ, ಮೇಲಿನದು ಕುಸಿದು ಬೀಳುತ್ತದೆ. ಬಂಡೆಯ ಮೇಲೆ ನೀರು ಏರಿಳಿಯುವಷ್ಟು ಎತ್ತರಕ್ಕೆ ಬಿಳಿಯ ಚಿಪ್ಪುಗಳ ಪಟ್ಟಿ, ಗರಗಸದ ಹಲ್ಲಿನಂತೆ ಚೂಪು. ಅದರ ಸಂದುಗಳಲ್ಲಿ ಏಡಿಗಳು ಅಡ್ಡಡ್ಡ ಓಡುತ್ತಿದ್ದವು.

ಅದನ್ನು ಹತ್ತಿರದಿಂದ ನೋಡುವ ಆಸೆಯೇ ನನ್ನನ್ನು ಕೆಡವಿತು. ಬಂಡೆಯಿಂದ ಇಷ್ಟು ದೂರ ಇರಬೇಕು ಎಂದು ಅವನು ಹೇಳಿದ್ದನ್ನು ಮರೆತು ಸಮೀಪ ಹೋದೆ. ಬಂಡೆಗೆ ಬಡಿದ ಅಲೆ ಅಲ್ಲೇ ಸಾಯುವುದಿಲ್ಲ, ವಾಪಸು ಬರುತ್ತದೆ. ಬರುವ ಅಲೆ, ಹೋಗುವ ಅಲೆ ಎರಡೂ ಎದುರಾದ ಕಡೆ ನೀರು ಗೋಪುರದಂತೆ ನಿಲ್ಲುತ್ತದೆ, ಮರುಗಳಿಗೆ ಗುಂಡಿಯಾಗುತ್ತದೆ. ಅಂಥದ್ದೊಂದು ನನ್ನ ದೋಣಿಯಡಿ ಎದ್ದಿತು. ನಾನು ಹುಟ್ಟು ಬಿಟ್ಟು ಅಂಚು ಹಿಡಿದೆ. ಅಷ್ಟೇ.

ನೀರಿನೊಳಗೆ ಇದ್ದದ್ದು ಎರಡು ಮೂರು ಸೆಕೆಂಡು ಇರಬಹುದು. ಹಸಿರು ಬೆಳಕು, ಮೂಗು ಗಂಟಲೆಲ್ಲ ಉಪ್ಪು, ಕಿವಿಯಲ್ಲಿ ಕಲ್ಲು ಉರುಳುವ ಸದ್ದು. ಆ ಹೊತ್ತಿನಲ್ಲಿ ನನಗೆ ನೆನಪಾದದ್ದು ನಮ್ಮೂರ ಕೆರೆಯಲ್ಲಿ ಮುಳುಗಿದ ಆ ಹುಡುಗನ ಮುಖ. ಜಾಕೆಟ್ಟು ನನ್ನನ್ನು ಕುತ್ತಿಗೆ ಹಿಡಿದು ಎತ್ತಿದ ಹಾಗೆ ಮೇಲಕ್ಕೆ ತಂದಿತು. ದಾರಿ ತೋರಿಸುವವನು ಕೂಗುತ್ತಿದ್ದ, "ದೋಣಿ ಹಿಡೀರಿ!" ಹಿಡಿದೆ. ಅವನು ತನ್ನ ದೋಣಿಯನ್ನು ನನಗೂ ಬಂಡೆಗೂ ನಡುವೆ ತಂದು ನಿಲ್ಲಿಸಿದ್ದ. ಚಿಪ್ಪಿಗೆ ಉಜ್ಜಿ ಅವನ ಮೊಣಕೈ ಕಿತ್ತು ರಕ್ತ ಬರುತ್ತಿತ್ತು. ಬೋರಲಾಗಿ ಬಿದ್ದೆ, ಕಾಲು ಬಡಿದೆ, ಮೊದಲ ಸಲ ಜಾರಿದೆ, ಎರಡನೆಯ ಸಲ ಹತ್ತಿ ಕೂತೆ. ಅವನು ಒಂದು ಮಾತೂ ಬಯ್ಯಲಿಲ್ಲ. "ಹುಟ್ಟು ನೀರಿನಲ್ಲಿ ಇರೋ ತನಕ ದೋಣಿಗೆ ಮೂರನೇ ಕಾಲಿದ್ದ ಹಾಗೆ ಸಾರ್" ಅಂದ.

ಪ್ಯಾರಡೈಸಿನ ಮರಳಿನಲ್ಲಿ ಎಳನೀರು ಕುಡಿಯುತ್ತ ಅವನಿಗೆ ಇದೆಲ್ಲ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಸಾಹಸ ಕ್ರೀಡೆಯ ತರಬೇತಿ ಆಗಿದೆಯಂತೆ, ಪ್ರಥಮ ಚಿಕಿತ್ಸೆ ಕಲಿತಿದ್ದಾನಂತೆ. ಆದರೆ ನೀರಿನ ಓದು ಅಪ್ಪನಿಂದ ಬಂದದ್ದು, ಅಪ್ಪನಿಗೆ ಅಜ್ಜನಿಂದ. ತಿಥಿ ಹೇಳಿದರೆ ಸಾಕು, ಇವತ್ತು ಉಬ್ಬರ ಎಷ್ಟು ಹೊತ್ತಿಗೆ ಎಂದು ಅಪ್ಪ ಬೆರಳೆಣಿಸಿ ಹೇಳುತ್ತಾರಂತೆ. ಉಬ್ಬರ ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗಿ ಬರುವುದರಿಂದ ಅದು ಲೆಕ್ಕಕ್ಕೆ ಸಿಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗೆ ನೀರು ದೊಡ್ಡದಾಗಿ ಏರಿ ದೊಡ್ಡದಾಗಿ ಇಳಿಯುತ್ತದೆ, ಅಷ್ಟಮಿಯ ಸುತ್ತ ಎರಡೂ ಸಣ್ಣವು. ನಮ್ಮನ್ನು ಅವನು ಕರೆತಂದದ್ದು ಅಷ್ಟಮಿಯ ಮಾರನೆಯ ದಿನ.

ಅಲ್ಲಿಂದ ತೆಂಕಣಕ್ಕೆ ಬೇಲೆಕಾನು, ಅದರಾಚೆ ಅಘನಾಶಿನಿಯ ಅಳಿವೆ. ದೊಡ್ಡ ಅಣೆಕಟ್ಟೊಂದೂ ಇಲ್ಲದೆ ಘಟ್ಟದಿಂದ ಕಡಲಿಗೆ ಬರುವ ನದಿ ಅದು. ಆ ಅಳಿವೆಯ 4801 ಹೆಕ್ಟೇರು 2024ರಲ್ಲಿ ಜೌಗುನೆಲಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ, ಇಳಿತದ ಹೊತ್ತಿನಲ್ಲಿ ಹೆಂಗಸರು ಮೊಣಕಾಲುದ್ದ ನೀರಿಗಿಳಿದು ಬಳಚು ಎಂಬ ಚಿಪ್ಪುಜೀವಿ ಹೆಕ್ಕುತ್ತಾರೆ. ಅಲ್ಲಿಗೂ ಹೋಗಬೇಕೆಂದು ನನಗಿತ್ತು. ಅವನು ಒಪ್ಪಲಿಲ್ಲ. ಹೊತ್ತು ಹತ್ತು ದಾಟಿತ್ತು. ನೆಲ ಕಾದ ಮೇಲೆ ಅದರ ಮೇಲಿನ ಗಾಳಿ ಹಗುರಾಗಿ ಏಳುತ್ತದೆ, ಆ ಜಾಗಕ್ಕೆ ಕಡಲಿನ ಗಾಳಿ ನುಗ್ಗುತ್ತದೆ, ಆಗ ಬಂಡೆಗಳ ಹತ್ತಿರ ಸಪೂರ ದೋಣಿಗೆ ಜಾಗವಿಲ್ಲ. ಹಣ ಕೊಟ್ಟವರು ಕೇಳಿದರೂ ಬೇಡ ಎನ್ನಬಲ್ಲವನೇ ಸರಿಯಾದ ಮಾರ್ಗದರ್ಶಿ ಎಂದು ನನಗೆ ಅಲ್ಲಿ ಅನಿಸಿತು. ಅದನ್ನು ಇಲ್ಲಿ ಒತ್ತಿ ಹೇಳುತ್ತೇನೆ, ಯಾಕೆಂದರೆ ಜಾಕೆಟ್ಟಿಲ್ಲದೆ ಜನರನ್ನು ತುಂಬಿಕೊಂಡು ಹೋಗುವ ದೋಣಿಗಳನ್ನೂ ಅದೇ ದಡದಲ್ಲಿ ಕಂಡೆ.

ಹಿಂದೂಪುರಕ್ಕೆ ಬಂದ ಮೇಲೆ ಕಯಾಕಿನ ಮೂಲ ಹುಡುಕಿ ಓದಿದೆ. ಅದು ಉತ್ತರ ಧ್ರುವದ ಸುತ್ತಿನ ಜನರದ್ದು. ಮರ ಬೆಳೆಯದ ನಾಡಿನ ಇನ್ಯುಟ್ ಜನ, ಕಡಲು ತಂದು ಹಾಕಿದ ಕಟ್ಟಿಗೆಯಿಂದ, ತಿಮಿಂಗಿಲದ ಮೂಳೆಯಿಂದ ಹಂದರ ಕಟ್ಟಿ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಮಾಡಿದ ಬೇಟೆಯ ದೋಣಿ. ಓದುತ್ತ ಓದುತ್ತ ಇದನ್ನು ಎಲ್ಲೋ ಕಂಡಿದ್ದೇನಲ್ಲ ಅನಿಸಿತು. ನಮ್ಮ ಹರಿಗೋಲೂ ಹಾಗೆಯೇ. ಬಿದಿರಿನ ಹಂದರ, ಮೇಲೆ ಚರ್ಮ. 1520ರ ಸುಮಾರಿಗೆ ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರಯಾಣಿಕ ಡೊಮಿಂಗೊ ಪಾಯೆಸ್ ಬುಟ್ಟಿಯಂತೆ ದುಂಡಗಿರುವ ಈ ದೋಣಿಗಳನ್ನು ಬರೆದಿಟ್ಟಿದ್ದಾನೆ. ಹದಿನೈದಿಪ್ಪತ್ತು ಜನ ಕೂರುತ್ತಿದ್ದರಂತೆ, ಬೇಕಾದರೆ ಕುದುರೆ ಎತ್ತುಗಳೂ ದಾಟುತ್ತಿದ್ದವಂತೆ, ನೇರ ಹೋಗದೆ ಸುತ್ತುತ್ತಲೇ ಇರುತ್ತಿದ್ದವಂತೆ. ಈ ರಾಜ್ಯದ ಹೊಳೆಗಳಲ್ಲಿ ಇದನ್ನು ಬಿಟ್ಟು ಬೇರೆ ದೋಣಿಯೇ ಇಲ್ಲ ಎಂದೂ ಬರೆದಿದ್ದಾನೆ. ನಮ್ಮ ಪೆನುಕೊಂಡ, ಲೇಪಾಕ್ಷಿ ಎಲ್ಲ ಆ ರಾಜ್ಯದವೇ ಅಲ್ಲವೇ.

ಅದೇ ಓದಿನಲ್ಲಿ ಆಸ್ಕರ್ ಸ್ಪೆಕ್ ಎಂಬ ಜರ್ಮನ್ ಸಿಕ್ಕಿದ. ಕೆಲಸ ಕಳೆದುಕೊಂಡ ಈತ 1932ರಲ್ಲಿ ಉಲ್ಮ್ ಊರಿನಿಂದ ಡ್ಯಾನ್ಯೂಬ್ ನದಿಗೆ ಮಡಚುವ ಕಯಾಕ್ ಇಳಿಸಿದ. ಮರದ ಹಂದರಕ್ಕೆ ರಬ್ಬರು ಲೇಪಿಸಿದ ಬಟ್ಟೆ ಹೊದಿಸಿದ ದೋಣಿ. ಯೂಫ್ರೆಟಿಸ್, ಪರ್ಷಿಯಾ ಕೊಲ್ಲಿ ಹಾದು, ಭಾರತದ ಪಶ್ಚಿಮ ಕರಾವಳಿಯಗುಂಟ ಇಳಿದು ಸಿಲೋನಿಗೆ ಹೋದ. ಅಂದರೆ ನಾನು ಮಗುಚಿಬಿದ್ದ ಈ ಕಡಲೇ. ಕೊನೆಗೆ 1939ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ನೆಲ ಮುಟ್ಟಿದಾಗ ಯುದ್ಧ ಶುರುವಾಗಿತ್ತು. ಶತ್ರುದೇಶದವನೆಂದು ಅವನನ್ನು ಹಿಡಿದು ಸೆರೆಯಲ್ಲಿಟ್ಟರು. ಏಳು ವರ್ಷದ ದಾರಿಯ ಕೊನೆಗೆ ಅವನಿಗೆ ಸಿಕ್ಕ ಸ್ವಾಗತ ಅದು. ಸ್ಯಾಂಡಿ ರಾಬ್ಸನ್ ಎಂಬ ಆಸ್ಟ್ರೇಲಿಯದ ಹೆಂಗಸು 2011ರಿಂದ 2016ರ ತನಕ ಬಹುಮಟ್ಟಿಗೆ ಅದೇ ದಾರಿಯಲ್ಲಿ ಕಯಾಕ್ ನಡೆಸಿ ತನ್ನ ನಾಡು ಮುಟ್ಟಿದಳು.

ಇವರಿಬ್ಬರ ಸಾಹಸಕ್ಕೆ ಕೈಮುಗಿಯುತ್ತೇನೆ. ಆದರೆ ನನ್ನ ಯೋಚನೆ ಹೋಗುವುದು ನಮ್ಮ ಕೆರೆಗಳ ಕಡೆಗೇ. ಈಗ ನಮ್ಮ ಸೀಮೆಗೆ ನೀರು ಬರುತ್ತಿದೆ. ಹಂದ್ರಿ ನೀವಾ ಕಾಲುವೆಯಲ್ಲಿ ಶ್ರೀಶೈಲದ ಹಿನ್ನೀರಿನಿಂದ ಕೃಷ್ಣೆ ಏರಿ ಬರುತ್ತಾಳೆ. 2021ರ ನವೆಂಬರಿನ ಮಳೆಗೆ ಚಿತ್ರಾವತಿ ನದಿ ಉಕ್ಕಿ, ನಡುನೀರಿನಲ್ಲಿ ಸಿಕ್ಕಿಕೊಂಡವರನ್ನು ಹೆಲಿಕಾಪ್ಟರಿನಿಂದ ಎತ್ತಬೇಕಾಯಿತು. 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಆ ನೀರು ವೇದಾವತಿಯಲ್ಲಿ, ನಮ್ಮವರ ಬಾಯಲ್ಲಿ ಹಗರಿ, ಇಳಿದು ಬರುವ ದಾರಿಯಲ್ಲೇ ಕಲ್ಯಾಣದುರ್ಗದ ಕಡೆಯ ಭೈರವಾನಿತಿಪ್ಪ ಜಲಾಶಯ ಇರುವುದು. ನೀರು ಬಂತು, ಸಂತೋಷ. ನೀರಿನ ವಿದ್ಯೆ ಮಾತ್ರ ಬಂದಿಲ್ಲ. ಕೆರೆಯಂಗಳದಲ್ಲಿ ಮಣ್ಣು ತೆಗೆದ ಗುಂಡಿಗಳು ಹಾಗೇ ಇವೆ. ಕೃಷಿಹೊಂಡಗಳಿಗೆ ಪ್ಲಾಸ್ಟಿಕ್ ಹಾಳೆ ಹಾಸಿದ್ದಾರೆ, ಬಿದ್ದ ಮಗು ಹತ್ತಲು ನೋಡಿದರೆ ಪಾಚಿಗೆ ಕಾಲು ನಿಲ್ಲುವುದಿಲ್ಲ. ಅಂಚಿಗೆ ಗಂಟು ಹಾಕಿದ ಒಂದು ಹಗ್ಗ ಇಳಿಬಿಟ್ಟರೆ, ಎರಡು ಹಳೆಯ ಟ್ಯೂಬು ಕಟ್ಟಿಟ್ಟರೆ ಒಂದು ಜೀವ ಉಳಿದೀತು. ಅದಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಈಜು ಕಲಿಸಲು ಹೊರಗಿನವರು ಬೇಕಿಲ್ಲ, ಒಂದೊಂದು ಕೆರೆಯ ಹತ್ತಿರವೂ ಬೆಸ್ತರ ಮನೆಗಳಿವೆ. ಆ ಮನೆಯ ಹಿರಿಯರನ್ನು ಶಾಲೆಯವರು ಕರೆದು ಕೇಳಿದರೆ ಇಲ್ಲ ಎನ್ನುವುದಿಲ್ಲ. ಅವರನ್ನು ಇಷ್ಟು ದಿನ ಯಾರೂ ಕೇಳಲಿಲ್ಲ.

ನಾನು ಕೇಳಲು ಹೋದೆ. ಹೋದ ತಿಂಗಳು ಭೈರವಾನಿತಿಪ್ಪದ ದಂಡೆಯಲ್ಲಿ ಒಬ್ಬ ಹಿರಿಯರು ಹರಿಗೋಲಿಗೆ ಡಾಂಬರು ಬಳಿಯುತ್ತಿದ್ದರು. ಈಗ ಚರ್ಮವಿಲ್ಲ, ಪ್ಲಾಸ್ಟಿಕ್ ಚೀಲದ ಹೊದಿಕೆ. ಪಕ್ಕದಲ್ಲಿ ಎಂಟು ವರ್ಷದ ಮೊಮ್ಮಗ. ನಾನು ಕಡಲಿನ ದೋಣಿಯ ಕತೆ ಹೇಳಿದೆ. ಉದ್ದನೆಯದು, ಎರಡು ಅಲಗಿನ ಹುಟ್ಟು, ನೇರ ಹೋಗುತ್ತದೆ ಅಂದೆ. ಅವರು ಕೈ ನಿಲ್ಲಿಸಿ ಕೇಳಿಸಿಕೊಂಡರು. "ಇದೂ ನೇರ ಹೋಗ್ತೈತಪ್ಪ. ಹಿಂದಕ್ಕೆ ಕುಂತು ತಳ್ಳಬಾರದು. ಮುಂದಕ್ಕೆ ಕುಂತು ನೀರ್ನ ನಿನ್ ಕಡೀಗೆ ಎಳಕಾಬೇಕು" ಅಂದರು. ಕೂರು ಎಂದು ಸನ್ನೆ ಮಾಡಿದರು. ಕೂತೆ. ಮೂರು ಸುತ್ತು ಸುತ್ತಿತು. ನಾಲ್ಕನೆಯ ಸಲಕ್ಕೆ ಆಚೆ ದಡದ ಒಂದು ಬೇವಿನ ಮರದ ಮೇಲೆ ಕಣ್ಣಿಟ್ಟು ಹುಟ್ಟು ಎಳೆದೆ. ಹತ್ತು ಮಾರು ನೇರ ಹೋಯಿತು.

ಗೋಕರ್ಣದಿಂದ ಬರುವಾಗ ದಾರಿಯಲ್ಲಿ ಎರಡು ಲೈಫ್ ಜಾಕೆಟ್ಟು ಕೊಂಡು ತಂದಿದ್ದೆ. ಒಂದನ್ನು ಆ ಮೊಮ್ಮಗನಿಗೆ ಹಾಕಿದೆ. ಅದು ಅವನ ತೊಡೆಯ ತನಕ ಬಂತು. ಭುಜದ ಹತ್ತಿರ ಹಿಡಿದು ಜಗ್ಗಿದೆ, ಕಿವಿ ದಾಟಿ ಮೇಲೆ ಬಂತು. ಅಜ್ಜ ಏನೂ ಹೇಳದೆ ಬಲೆ ಹೆಣೆಯುವ ದಾರ ತೆಗೆದು, ಪಟ್ಟಿಗಳ ಮೇಲೆ ಇನ್ನೆರಡು ಸುತ್ತು ಕಟ್ಟಿ, ತಾವೂ ಒಮ್ಮೆ ಜಗ್ಗಿ ನೋಡಿದರು. ಆಮೇಲೆ ಅವನನ್ನು ಎತ್ತಿ ಹರಿಗೋಲಿನ ಮುಂದುಗಡೆ ಕೂರಿಸಿ ಹುಟ್ಟು ಕೈಗೆ ಕೊಟ್ಟರು.